ಟವೆಲ್ ಕೆಳಗಿನ ಬಲಗೈ

ನಾನು ಕೊಡದೆ ಇದ್ದ ಮಾತನ್ನು ನನ್ನ ಬಲಗೈ ಕೊಟ್ಟುಬಿಟ್ಟಿತು. ಕಾಯಿಲೆ ಅದಕ್ಕಿಂತ ನಾಲ್ಕು ತಿಂಗಳು ಹಳೆಯದು. ಆದರೆ ಅದು ಕಾಯಿಲೆಯೆಂದು ನಾನು ಒಪ್ಪಿಕೊಂಡದ್ದು ಆ ದಿನ, ಮುಳಬಾಗಿಲಿನ ಕಡೆಯ ದನದ ಸಂತೆಯಲ್ಲಿ, ಹತ್ತು ಜನರ ಮುಂದೆ. ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ.

ನಾನು ದನದ ದಲ್ಲಾಳಿ. ಊರು ವೇಮಗಲ್ ಪಕ್ಕ. ನಮ್ಮಪ್ಪ ಬೇರೆಯವರ ದನ ಕಾಯುತ್ತಿದ್ದರು. ಆ ದನಗಳನ್ನು ಕೊಡಿಸುವ, ಮಾರಿಸುವ ಮಟ್ಟಕ್ಕೆ ನಾನು ಬಂದದ್ದು ಯಾರ ಶಿಫಾರಸಿನಿಂದಲೂ ಅಲ್ಲ, ನನ್ನ ಬಲಗೈಯಿಂದ. ಇದು ಬರೀ ಮಾತಲ್ಲ. ನಮ್ಮ ಕಸುಬಿನಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಮಾರುವವರ ಕಡೆಯ ದಲ್ಲಾಳಿಯೂ ಕೊಳ್ಳುವವರ ಕಡೆಯ ದಲ್ಲಾಳಿಯೂ ಒಂದು ಟವೆಲ್ ಕೆಳಗೆ ಬಲಗೈ ಇಟ್ಟು ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ, ಬೆರಳಿಗೆ ಹತ್ತು ಸಾವಿರ; ಐದು ದಾಟಿದರೆ ಮತ್ತೆ ಒಂದರಿಂದ ಹಿಡಿಯುತ್ತಾರೆ. ಅರ್ಧ ಬೆರಳಿಗೂ ಲೆಕ್ಕವಿದೆ. ಸುತ್ತ ನಿಂತವರಿಗೆ ಟವೆಲ್ ಅಲುಗುವುದು ಬಿಟ್ಟು ಬೇರೇನೂ ಕಾಣದು. ಕೊನೆಗೆ ಒಬ್ಬ ಬೆರಳುಗಳನ್ನು ಬಿಟ್ಟು ಇನ್ನೊಬ್ಬನ ಇಡೀ ಅಂಗೈಯನ್ನು ಮುಷ್ಟಿಯಲ್ಲಿ ಒತ್ತಿದರೆ, ಒಪ್ಪಿದ್ದೇನೆ ಎಂದು ಅರ್ಥ. ಆಮೇಲೆ ಆ ವ್ಯಾಪಾರ ಹಿಂದಕ್ಕೆ ಹೋಗುವುದಿಲ್ಲ.

ಆ ದಿನ ನನ್ನ ಕಡೆ ಇದ್ದದ್ದು ಹೋಳೂರಿನ ಸುಬ್ಬಮ್ಮನ ಹಸು. ಸುಬ್ಬಮ್ಮನಿಗೆ ಅರವತ್ತು ದಾಟಿದೆ. ಎರಡು ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಿದ್ದ ಹೆಂಗಸು. ಮಂಡಿ ನೋವಿನಿಂದ ಹುಲ್ಲು ಹೊರಲಾಗದೆ ಒಂದನ್ನು ಮಾರಲು ತಂದಿದ್ದಳು. "ಐದು ಬೆರಳಿಗೆ ಒಂದು ಗೆಣ್ಣು ಕಮ್ಮಿ ಆದ್ರೂ ಬೇಡ ಕಣಪ್ಪ. ಹಸು ಹೊಡ್ಕೊಂಡು ವಾಪಸ್ ಹೋಗ್ತೀನಿ," ಎಂದು ಹಗ್ಗ ನನ್ನ ಕೈಗೆ ಕೊಟ್ಟಿದ್ದಳು.

ಎದುರಿಗೆ ಪಾಪಣ್ಣ. ಆಂಧ್ರದ ಗಡಿ ಕಡೆಯವನು, ಮನೆಮಾತು ತೆಲುಗು. ಇಪ್ಪತ್ತೈದು ವರ್ಷದಿಂದ ನನ್ನ ಕೈ ಬಲ್ಲವನು. ಅವನು ಮೂರರಿಂದ ಶುರು ಮಾಡಿದ, ನಾನು ಆರರಿಂದ. ಅವನು ಎಳೆದ, ನಾನು ಬಿಟ್ಟೆ. ಅವನು ನನ್ನ ನಾಲ್ಕು ಬೆರಳು ಹಿಡಿದು ನಿಂತ. ಇನ್ನು ನಾನು ತಲೆ ಅಲ್ಲಾಡಿಸಿ ಐದನೆಯದನ್ನು ಅವನ ಕೈಗೆ ತುರುಕಬೇಕು. ಅಷ್ಟರಲ್ಲಿ ಮೊಣಕೈಯಿಂದ ಏನೋ ಸರ್ರನೆ ಇಳಿದು ನನ್ನ ಐದೂ ಬೆರಳು ತಾವಾಗಿ ಮಡಚಿ ಅವನ ಅಂಗೈಯನ್ನು ಬಿಗಿಯಾಗಿ ಕಚ್ಚಿ ಹಿಡಿದವು.

"ಅಯಿಪೋಯಿಂದಿ," ಅಂದ ಪಾಪಣ್ಣ. ಮುಗೀತು ಎಂದು.

"ಇಲ್ಲ ಪಾಪಣ್ಣ, ತಡಿ. ಇನ್ನೂ ಆಗಿಲ್ಲ."

"ಕೈ ಮುಚ್ಚಿದೆ ಕದಾ ಚಲಪತಿ. ಕೈ ಮುಚ್ಚಿದ ಮೇಲೆ ಬಾಯಿ ಯಾಕೆ ಬಿಡ್ತೀಯಾ?"

ಸುತ್ತ ನಿಂತವರು ನಕ್ಕರು. ನನ್ನ ಕೈ ನನ್ನ ಮಾತು ಕೇಳಲಿಲ್ಲ ಎಂದು ಹೇಳಿದ್ದರೆ ವ್ಯಾಪಾರ ಮುರಿಯುತ್ತಿತ್ತೋ ಏನೋ. ಆದರೆ ಹಾಗೆ ಹೇಳಿದ ದಲ್ಲಾಳಿಯ ಕೈಗೆ ಮರುವಾರ ಯಾರು ಹಗ್ಗ ಕೊಡುತ್ತಾರೆ? ಹಸು ನಾಲ್ಕು ಬೆರಳಿಗೆ ಹೋಯಿತು.

ಸುಬ್ಬಮ್ಮ ಕುಂಟುತ್ತಾ ಹತ್ತಿರ ಬಂದಳು. ಕಮ್ಮಿ ಬಿದ್ದದ್ದನ್ನು ನಾನೇ ತುಂಬಿಕೊಡುತ್ತೇನೆ ಎಂದು ಬಾಯಿ ತೆರೆದೆ.

"ನಿನ್ ದುಡ್ಡು ನಂಗ್ಯಾಕೆ. ಆ ಕೈ ಇತ್ತಾಗ್ ತೋರ್ಸು," ಅಂದಳು.

ಕೈ ಇನ್ನೂ ಮುಷ್ಟಿಯಾಗೇ ಇತ್ತು. ಎಡಗೈಯಿಂದ ಒಂದೊಂದೇ ಬೆರಳನ್ನು ಬಿಡಿಸುತ್ತಿದ್ದೆ.

"ಎಷ್ಟು ದಿನದಿಂದ ಹಿಂಗೈತೆ?"

"ಏನಿಲ್ಲಮ್ಮ, ಮರಗಟ್ಟಿದೆ ಅಷ್ಟೆ."

"ಹಸು ಮಾರೋವಾಗ ಹೇಳೋ ಸುಳ್ಳು ನನ್ಹತ್ರ ಹೇಳ್ಬೇಡ," ಎಂದು ಹೇಳಿ ಟೆಂಪೊ ಕಡೆ ಹೋದಳು. ಒಂದು ಬೈಗುಳವನ್ನೂ ಆಡಲಿಲ್ಲ. ಬೈದಿದ್ದರೆ ನಾನು ಆಸ್ಪತ್ರೆಗೆ ಹೋಗುವುದು ಇನ್ನೂ ನಾಲ್ಕು ತಿಂಗಳು ತಡವಾಗುತ್ತಿತ್ತು.

ನಾಲ್ಕು ತಿಂಗಳ ಹಿಂದೆ ನಡೆದದ್ದು ಇಷ್ಟು. ಮಾಲೂರಿನಲ್ಲಿ ಟೆಂಪೊದಿಂದ ಹಸು ಇಳಿಸುವಾಗ ಅದು ಬೆದರಿ ಹಗ್ಗ ಎಳೆಯಿತು. ನಾನು ಮುಗ್ಗರಿಸಿ ಬಿದ್ದೆ. ಟೆಂಪೊದ ಹಲಗೆಯ ಅಂಚು ಗದ್ದಕ್ಕೆ ಬಡಿದು ತಲೆ ಹಿಂದಕ್ಕೆ ಮುರಿದಂತೆ ಬಾಗಿತು. ಎರಡು ನಿಮಿಷ ಎರಡೂ ತೋಳು ಇವೆಯೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಎದ್ದೆ, ಹಸು ಮಾರಿದೆ, ಮನೆಗೆ ಬಂದೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕಿತ್ತು. ಕತ್ತಿಗೆ ಪೆಟ್ಟು ಬಿದ್ದು ಒಂದು ಗಳಿಗೆಯಾದರೂ ಕೈ ಸತ್ತಂತಾದರೆ ಮನೆಗೆ ಹೋಗಬೇಡಿ, ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ನಾನು ಹೋದದ್ದು ಕತ್ತು ತಿರುಗಿಸಿ ಲಟಕ್ ಅನ್ನಿಸುವವನ ಹತ್ತಿರ. ಆ ಲಟಕ್ಕಿನಲ್ಲೇ ನನ್ನ ಕಾಲೂ ಹೋಗಬಹುದಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು.

ಕತ್ತು ನೋವು ವಾರದಲ್ಲಿ ಹೋಯಿತು. ಎಡಗೈ ಸರಿಹೋಯಿತು. ಬಲಗೈಯಲ್ಲಿ ಕಿರುಬೆರಳಿನಿಂದ ಉರಿ ಹತ್ತಿಕೊಂಡಿತು. ಮೆಣಸಿನಕಾಯಿ ಕೊಯ್ದ ಕೈಯ ಉರಿ ನಮಗೆಲ್ಲ ಗೊತ್ತು. ಅದು ತೊಳೆದರೆ ಹೋಗುತ್ತದೆ. ಇದಕ್ಕೆ ನೀರು ತಾಗಿದರೆ ಕೆಂಡ ತಾಗಿದಂತೆ. ಅಂಗಿಯ ತೋಳು ತಾಗುವಂತಿಲ್ಲ. ಫ್ಯಾನಿನ ಗಾಳಿ ತಾಗುವಂತಿಲ್ಲ. ಜೋರಾಗಿ ಒತ್ತಿದರೆ ಅಷ್ಟು ನೋವಿಲ್ಲ, ಮೆಲ್ಲಗೆ ಸವರಿದರೆ ಜೀವ ಹೋಗುತ್ತದೆ. ಇದನ್ನು ಯಾರಿಗೆ ಹೇಳಿದರೆ ನಂಬುತ್ತಾರೆ? ಕೈ ಮೇಲೆ ಗಾಯವಿಲ್ಲ, ಊತವಿಲ್ಲ. ನನ್ನ ಹೆಂಡತಿ ರತ್ನಮ್ಮನಿಗೂ ಹೇಳಲಿಲ್ಲ. ಕುಂಟುವ ಹಸುವನ್ನು ಸಂತೆಗೆ ತಂದರೆ ಕುಂಟುಗಾಲನ್ನು ತಗ್ಗಿನಲ್ಲಿ ನಿಲ್ಲಿಸುತ್ತೇವೆ, ಕೊಳ್ಳುವವನಿಗೆ ಗೊತ್ತಾಗದಿರಲಿ ಎಂದು. ನಾನು ಕೈಯನ್ನು ಹಾಗೆ ನಿಲ್ಲಿಸಿಕೊಂಡಿದ್ದೆ. ಟವೆಲ್ ಹಾಕಿದಾಗಲೆಲ್ಲ ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ.

ಸಂತೆಯಿಂದ ಬಂದ ದಿನ ರತ್ನಮ್ಮನಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ. "ನಾಲ್ಕು ತಿಂಗಳಿಂದ ತಟ್ಟೆ ಎಡಗಡೆ ಎಳ್ಕೊಂಡು ಚಮಚದಲ್ಲಿ ತಿಂತಿದ್ರಲ್ಲ, ಪೇಟೆಯವರ ಹಂಗೆ ನಾಜೂಕು ಕಲ್ತ್ರು ಅಂದ್ಕೊಂಡೆ," ಅಂದಳು. ಮಾರನೆಯ ದಿನ ಕೋಲಾರಕ್ಕೆ ಹೊರಟೆವು.

ಆಸ್ಪತ್ರೆಯ ನರರೋಗದ ವಿಭಾಗದ ಹೊರಗೆ ಉದ್ದದ ಬೆಂಚು, ಮೇಲೆ ಮೂರು ಫ್ಯಾನು. ಫ್ಯಾನಿಲ್ಲದ ಮೂಲೆಯೊಂದಿತ್ತು, ಬಿಸಿಲು ಬೀಳುವ ಕಡೆ. ಅಲ್ಲಿ ಹೋಗಿ ಕೂತರೆ ಆಗಲೇ ಒಬ್ಬ ಮುದುಕರು ಚಪ್ಪಲಿ ಬಿಟ್ಟು, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕೂತಿದ್ದಾರೆ. ಸಕ್ಕರೆ ಕಾಯಿಲೆಯಿಂದ ಪಾದದ ನರ ಹೋದವರು. ನಾನು ಬಲಗೈಯನ್ನು ಗಾಳಿಗೆ ಅಡ್ಡವಾಗಿ ಎದೆಗೆ ಒತ್ತಿಕೊಂಡದ್ದು ನೋಡಿದರು.

"ಮಂಟಾ?" ಅಂದರು. ಉರಿಯಾ ಎಂದು.

"ಮಂಟೇ," ಅಂದೆ.

ಅಷ್ಟೇ ಮಾತು. ನಾಲ್ಕು ತಿಂಗಳಲ್ಲಿ ಮೊದಲ ಬಾರಿ ಒಬ್ಬರು ಮತ್ತೇನೂ ಕೇಳದೆ ನಂಬಿದರು. ನನ್ನ ಕಣ್ಣು ತುಂಬಿ ಬಂತು. ರತ್ನಮ್ಮ ನೋಡದಂತೆ ಗೋಡೆ ಮೇಲಿನ ಬೋರ್ಡು ಓದಿದೆ, ಮೂರು ಸಲ.

ಸ್ಕ್ಯಾನ್ ಆಯಿತು. ಆ ಕೊಳವೆಯ ಒಳಗೆ ಕದಲದೆ ಮಲಗಬೇಕು. ನನ್ನ ಕೈ ಎಲ್ಲಿ ಮಡಚಿಕೊಳ್ಳುತ್ತದೋ ಎಂಬ ಭಯಕ್ಕೆ ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮಲಗಿದೆ. ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಚಿತ್ರವನ್ನು ಬೆಳಕಿಗೆ ಹಿಡಿದು ಕತ್ತಿನ ಹತ್ತಿರ ಒಂದು ಬಿಳಿ ಗೆರೆ ತೋರಿಸಿದರು.

"ಬೆನ್ನುಹುರಿಗೇ ಪೆಟ್ಟಾಗಿದೆ. ಈಗ ಒತ್ತಡ ಇಲ್ಲ, ಆಪರೇಷನ್ ಬೇಡ. ಆದ್ರೆ ಈ ಕಲೆ ಹೋಗಲ್ಲ."

"ಕೈ ಸರಿಹೋಗುತ್ತಾ?"

"ಪೂರ್ತಿ ಸರಿಹೋಗುತ್ತೆ ಅಂತ ನಾನು ಹೇಳಲ್ಲ."

"ಮುಕ್ಕಾಲು?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನನ್ನ ಹತ್ರ ವ್ಯಾಪಾರ ಮಾಡ್ತಿದ್ದೀರಾ?"

"ಅವರಿಗೆ ಬೇರೆ ಭಾಷೆ ಬರಲ್ಲ ಡಾಕ್ಟ್ರೇ," ಅಂದಳು ರತ್ನಮ್ಮ. "ನೀವು ಅರ್ಧದಿಂದ ಶುರು ಮಾಡಿ."

"ಅರ್ಧ ನೋಡೋಣ," ಅಂದರು ಡಾಕ್ಟರು.

ಮೊದಲು ಕೊಟ್ಟದ್ದು ನರದ ಉರಿಗೆ ಎಲ್ಲರಿಗೂ ಕೊಡುವ ಒಂದು ಕ್ಯಾಪ್ಸೂಲ್. ಉರಿ ಸ್ವಲ್ಪ ಇಳಿಯಿತು, ಆದರೆ ತಲೆ ತಿರುಗಿತು, ಪಾದ ಊದಿತು. ಬೆರಳು ಮಡಚುವುದು ನಿಲ್ಲಲಿಲ್ಲ. ಆಗ ಅವರು ಅದನ್ನು ಕಡಿಮೆ ಮಾಡಿ ಬ್ಯಾಕ್ಲೋಫೆನ್ ಎಂಬ ಮಾತ್ರೆ ಸೇರಿಸಿದರು. ಬೆನ್ನುಹುರಿಯೊಳಗೆ 'ಸಾಕು, ನಿಲ್ಲು' ಎಂದು ನರಗಳಿಗೆ ಹೇಳುವ ಜಾಗಗಳು ಇರುತ್ತವಂತೆ. ಪೆಟ್ಟಾದ ಮೇಲೆ ಅವು ಮೆತ್ತಗಾಗುತ್ತವೆ. ಮಾತ್ರೆ ಅಲ್ಲಿ ಹೋಗಿ ಅವನ್ನು ತಟ್ಟಿ ಎಬ್ಬಿಸುತ್ತದೆ. ನಾನು ಅರ್ಥ ಮಾಡಿಕೊಂಡದ್ದು ನನ್ನ ರೀತಿಯಲ್ಲಿ: ಸಂತೆಯ ಗೇಟಿನವನು ನಿದ್ದೆ ಹೋಗಿದ್ದಾನೆ, ದನವೆಲ್ಲ ಒಟ್ಟಿಗೆ ಒಳಗೆ ನುಗ್ಗುತ್ತಿವೆ, ಈ ಮಾತ್ರೆ ಅವನ ಮುಖಕ್ಕೆ ನೀರು ಹಾಕುತ್ತದೆ. ಡಾಕ್ಟರು ಆಗಬಹುದು ಅಂದರು. ಮುಖ್ಯವಾಗಿ ಬಿಗಿತ ಬಿಡಿಸುವ ಮಾತ್ರೆ ಇದು, ಉರಿಗೆ ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ, ನೋಡೋಣ ಅಂದರು. ನನಗೆ ಹಿಡಿಸಿತು ಎಂದು ಹೆಸರು ಬರೆದಿದ್ದೇನೆ. ಇದನ್ನು ಓದಿ ಯಾರೂ ಔಷಧಿ ಅಂಗಡಿಗೆ ಹೋಗಿ ಕೇಳಬೇಡಿ. ಯಾಕೆಂದು ಮುಂದೆ ತಿಳಿಯುತ್ತದೆ.

ಚೀಟಿಯ ಕೊನೆಯಲ್ಲಿ ಅವರು ಕೆಂಪು ಇಂಕಿನಲ್ಲಿ ಒಂದು ಸಾಲು ಬರೆದು ಅಡಿಗೆರೆ ಎಳೆದರು: ಒಂದೇ ಸಲ ನಿಲ್ಲಿಸಕೂಡದು. ಓದಿ ರತ್ನಮ್ಮ ಚೀಟಿಯನ್ನು ಮಡಿಸಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು. ನಾನು ಅದನ್ನು ಮಾರುವವರು ಹೇಳುವ ಮಾತಿನಂತೆ ಕೇಳಿ ಬಿಟ್ಟೆ.

ಮಾತ್ರೆ ವಾರಕ್ಕಿಷ್ಟು ಎಂದು ಏರುತ್ತಾ ಹೋಯಿತು. ಮೂರನೆಯ ವಾರಕ್ಕೆ ಬೆರಳು ಮಡಚುವುದು ದಿನಕ್ಕೆ ಹತ್ತು ಸಲದಿಂದ ಎರಡಕ್ಕೆ ಇಳಿಯಿತು. ಜೊತೆಗೆ ಚರ್ಮಕ್ಕೆ ಅಭ್ಯಾಸ ಮಾಡಿಸುವ ಪಾಠ. ದಿನಾ ಬೆಳಿಗ್ಗೆ ಮೆತ್ತನೆಯ ವಸ್ತುವಿನಿಂದ ಕೈ ಸವರಿ, ವಾರ ವಾರ ಒರಟು ವಸ್ತುವಿಗೆ ಹೋಗಬೇಕು. ನಮ್ಮ ಪಕ್ಕದ ಮನೆಯವರು ರೇಷ್ಮೆ ಸಾಕುತ್ತಾರೆ. ಗೂಡು ಬಿಡಿಸಿದ ಮೇಲೆ ಉಳಿಯುವ ಹೊರ ನೂಲನ್ನು ರತ್ನಮ್ಮ ತಂದಳು. ಆ ನೂಲು ತಾಗಿದರೂ ಮೊದಲ ವಾರ ನಾನು ಕೂಗುತ್ತಿದ್ದೆ. ಆಮೇಲೆ ಅವಳ ಹಳೆಯ ನೂಲಿನ ಸೀರೆ. ಆಮೇಲೆ ಟವೆಲ್.

ಟವೆಲ್ ಬಂದ ದಿನ ಅವಳು ತಾನೂ ಕೈಯನ್ನು ಅದರ ಕೆಳಗೆ ಹಾಕಿದಳು. "ಹೆಂಗೂ ಹಿಡ್ಕೊಂಡು ಕೂರ್ಬೇಕು. ನಿಮ್ಮ ಬೆರಳಿನ ಲೆಕ್ಕ ಹೇಳ್ಕೊಡಿ."

ಮೂವತ್ತು ವರ್ಷ ಅವಳಿಗೆ ಹೇಳಿಕೊಡದ ವಿದ್ಯೆ ಅದು. ಹದಿನೈದು ದಿನದಲ್ಲಿ ಕಲಿತಳು. ಒಂದು ಬೆಳಿಗ್ಗೆ ನಮ್ಮ ಮನೆಯ ಎಮ್ಮೆಯನ್ನೇ ಟವೆಲ್ ಕೆಳಗೆ ನನಗೆ ಮಾರಿ, ಒಳ್ಳೆ ಬೆಲೆ ಬಂತು ಎಂದು ನಕ್ಕು ಕಾಫಿ ಮಾಡಲು ಹೋದಳು. ಅಷ್ಟು ಬೆಲೆಗೆ ಒಪ್ಪಿದ್ದೇನೆಂದು ನನಗೇ ಗೊತ್ತಾಗಿರಲಿಲ್ಲ. ಈ ಸಲ ಕೈ ತಾನಾಗಿ ಮುಚ್ಚಿದ್ದಲ್ಲ, ನಾನೇ ಮುಚ್ಚಿದ್ದು. ಅವಳ ಬೆರಳಿನ ಲೆಕ್ಕವನ್ನೇ ತಪ್ಪಾಗಿ ತಿಳಿದಿದ್ದೆ.

ಅದು ಮಾತ್ರೆಯ ಮಂಕು. ಇಡೀ ದಿನ ತಲೆಯ ಮೇಲೆ ಒದ್ದೆ ಗೋಣಿಚೀಲ ಹಾಕಿದಂತೆ. ಪಾಪಣ್ಣನ ಬೆರಳು ರತ್ನಮ್ಮನದಕ್ಕಿಂತ ಹತ್ತು ಪಟ್ಟು ಚುರುಕು. ಹೀಗೆ ಕೂತರೆ ಅವನು ನನ್ನನ್ನೇ ಮಾರಿಬಿಡುತ್ತಾನೆ.

ಆ ಹೊತ್ತಿಗೇ ಸುಬ್ಬಮ್ಮ ಹೇಳಿಕಳಿಸಿದಳು. ಮಂಡಿ ಇನ್ನೂ ಕೆಟ್ಟಿದೆ, ಎರಡನೆಯ ಹಸುವನ್ನೂ ಮಾರುತ್ತಾಳೆ, ಅದೇ ಸಂತೆಗೆ ತರುತ್ತಾಳೆ. ಫೋನಿನಲ್ಲಿ ನಾನೇ ಕೇಳಿದೆ: "ನನ್ ಕೈಗೆ ಯಾಕಮ್ಮ ಕೊಡ್ತೀಯಾ? ಹೋದ ಸಲ ಏನಾಯ್ತು ನೋಡ್ದೆ ಅಲ್ವಾ?"

"ಹೋದ ಸಲ ನಿನ್ ಕೈ ಸುಳ್ಳು ಹೇಳ್ತು. ನೀನು ಹೇಳಿಲ್ಲ. ಬರ್ತೀಯೋ ಇಲ್ವೋ?"

ಬರುತ್ತೇನೆ ಅಂದೆ.

ಇನ್ನು ನಾನು ಮಾಡಿದ ತಪ್ಪು. ದನದ ವ್ಯಾಪಾರದವನು ಬಿಟ್ಟು ಬೇರೆ ಯಾರೂ ಈ ತಪ್ಪು ಮಾಡಲಾರರು. ಹಸುವನ್ನು ಸಂತೆಗೆ ಹೊಡೆಯುವ ಮುಂಚೆ ಒಂದು ಹೊತ್ತು ಹಾಲು ಕರೆಯದೆ ಬಿಡುತ್ತೇವೆ. ಕೆಚ್ಚಲು ತುಂಬಿ ಬಿಗಿದು ಚೆನ್ನಾಗಿ ಕಾಣುತ್ತದೆ. ಎಲ್ಲರಿಗೂ ಗೊತ್ತಿರುವ ಗುಟ್ಟು. ಮಾತ್ರೆಯನ್ನೂ ಹಾಗೇ ಎರಡು ದಿನ ಬಿಟ್ಟರೆ ಏನಾಯಿತು, ಎರಡೂವರೆ ತಿಂಗಳು ತಿಂದದ್ದು ಮೈಯಲ್ಲಿ ಸಂಗ್ರಹ ಇರುತ್ತದೆ, ತಲೆ ತಿಳಿಯಾಗುತ್ತದೆ, ಸಂತೆ ಮುಗಿಸಿ ಮತ್ತೆ ಶುರು ಮಾಡಿದರಾಯಿತು. ಇಷ್ಟು ಯೋಚಿಸಿ, ರತ್ನಮ್ಮ ಕೊಟ್ಟ ಮಾತ್ರೆಗಳನ್ನು ಬಾಯಿಗೆ ಹಾಕಿದಂತೆ ಮಾಡಿ ಅಂಗಿ ಜೇಬಿಗೆ ಇಳಿಸುತ್ತಾ ಬಂದೆ.

ಮೊದಲ ದಿನ ಏನೂ ಆಗಲಿಲ್ಲ. ತಲೆ ಹಗುರವಾಯಿತು. ಎರಡನೆಯ ದಿನ ಮೈಯೆಲ್ಲ ನವೆ, ಎದೆ ಡವಡವ, ಬೆರಳು ಮತ್ತೆ ಬಿಗಿ. ಗಾಬರಿಯಾಗಲಿಲ್ಲ. ಚುರುಕು ವಾಪಸು ಬಂದಿದೆ ಎಂದು ಖುಷಿಪಟ್ಟೆ. ಮೂರನೆಯ ದಿನ ಬೆಳಿಗ್ಗೆ ಕೋಲಾರದಲ್ಲಿ ಮುಳಬಾಗಿಲಿನ ಬಸ್ಸು ಹತ್ತಿದೆವು. ಒಬ್ಬನನ್ನೇ ಕಳಿಸಲು ಒಪ್ಪದೆ ರತ್ನಮ್ಮ ಜೊತೆಗೆ ಬಂದಿದ್ದಳು. ಸುಬ್ಬಮ್ಮ ಹಸುವಿನ ಜೊತೆ ಟೆಂಪೊದಲ್ಲಿ ಮುಂದೆ ಹೋಗಿದ್ದಳು.

ಬಸ್ಸಿನಲ್ಲಿ ಸೀಟುಗಳ ನಡುವೆ ಎರಡು ಬಿಳಿ ಕರು ಮಲಗಿದ್ದವು. ನಾನು ಕಾಲು ಮಡಿಚಿ ಕೂತೆ. "ಕರು ತುಳೀತಿದ್ದೀಯಲ್ಲೇ, ಕಾಲು ತೆಗಿ," ಅಂದೆ.

"ಯಾವ ಕರು?"

"ಅಲ್ಲೇ ಕಣೇ. ಟಿಕೆಟ್ ತಗೊಂಡಿದಾರೋ ಇಲ್ವೋ ಅವಕ್ಕೆ."

ಅವಳು ನಗುತ್ತಾಳೆ ಎಂದುಕೊಂಡೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. "ಮಾತ್ರೆ ತಗೊಂಡಿದೀರಾ?" ಅಂದಳು. ತಗೊಂಡೆ ಅಂದೆ. ಅವಳ ಕೈ ನೇರ ನನ್ನ ಜೇಬಿಗೆ ಬಂತು, ಮಾತ್ರೆಗಳೆಲ್ಲ ಅವಳ ಅಂಗೈಗೆ ಬಿದ್ದವು. ಆ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆಮೇಲೆ ಕತ್ತಿನಿಂದ ಕಾಲವರೆಗೆ ಯಾರೋ ಹಗ್ಗ ಬಿಗಿದಂತಾಯಿತು. ಅಲ್ಲಿಂದ ಮುಂದಿನದು ರತ್ನಮ್ಮ ಹೇಳಿದ್ದು.

ನನಗೆ ಫಿಟ್ಸ್ ಬಂತು. ಬಸ್ಸು ನಿಲ್ಲಿಸಿದರು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ನಮ್ಮ ಕಡೆ ನಂಬಿಕೆ. ಯಾರೋ ಬೀಗದ ಕೈ ಗೊಂಚಲು ತಂದು, ಇಬ್ಬರು ಸೇರಿ ನನ್ನ ಬಲಗೈ ಮುಷ್ಟಿಯನ್ನು ಬಿಚ್ಚಲು ಹೊರಟರು. ಅದೇ ಕೈ.

"ಕೈ ಮುಟ್ಟಬೇಡಿ," ಎಂದಳಂತೆ ರತ್ನಮ್ಮ.

"ಅಮ್ಮಾ, ಕಬ್ಬಿಣ ಕೊಟ್ರೆ ನಿಲ್ಲುತ್ತೆ."

"ಕಬ್ಬಿಣ ಬೇಡ, ಆಸ್ಪತ್ರೆ ಬೇಕು. ಮಗ್ಗುಲಾಗಿ ಮಲಗಿಸಿ. ಕೈ ಮುಟ್ಟಿದವರನ್ನ ನಾನು ಬಿಡಲ್ಲ."

ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಬಸ್ಸು ನಡುವೆ ಎಲ್ಲೂ ನಿಲ್ಲದೆ ಮುಳಬಾಗಿಲಿನ ಆಸ್ಪತ್ರೆಯ ಗೇಟಿಗೆ ಹೋಯಿತು. ಇಳಿಯಬೇಕಾಗಿದ್ದ ಒಬ್ಬರೂ ಗೊಣಗಲಿಲ್ಲವಂತೆ. ಅವರ್ಯಾರೂ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಒಬ್ಬೊಬ್ಬರ ಮನೆಗೂ ಹೋಗಿ ಬರುತ್ತಿದ್ದೆ. ಅಲ್ಲಿನ ಡಾಕ್ಟರಿಗೆ ರತ್ನಮ್ಮ ಪರ್ಸಿನಿಂದ ಚೀಟಿ ತೆಗೆದು ಕೊಟ್ಟಳು. ಕೆಂಪು ಸಾಲು ನೋಡಿದ್ದೇ ಅವರಿಗೆ ವಿಷಯ ತಿಳಿಯಿತು. ಫಿಟ್ಸ್ ನಿಲ್ಲಿಸಿ, ಅದೇ ಮಾತ್ರೆಯನ್ನು ಮತ್ತೆ ಶುರು ಮಾಡಿ, ಕೋಲಾರಕ್ಕೆ ಕಳಿಸಿದರು. ಆ ಚೀಟಿ ಮನೆಯ ಕಪಾಟಿನಲ್ಲಿದ್ದಿದ್ದರೆ ಇವತ್ತು ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ನಿಮ್ಮ ಚೀಟಿಯನ್ನು ನಿಮ್ಮ ಜೇಬಿನಲ್ಲಿಡಬೇಡಿ, ಜೊತೆಗಿರುವವರ ಹತ್ತಿರ ಕೊಟ್ಟಿರಿ.

ನಮ್ಮ ಡಾಕ್ಟರಮ್ಮ ಮಂಚದ ಪಕ್ಕ ಬಂದು ನಿಂತರು. ಯಾಕೆ ಬಿಟ್ಟಿರಿ ಎಂದು ಕೇಳಿದರು. ಕೆಚ್ಚಲಿನ ವಿಷಯ ಹೇಳಿದೆ.

"ಹಾಲು ಕರೀದೇ ಜಾಸ್ತಿ ಹೊತ್ತು ಬಿಟ್ರೆ ಹಸುಗೆ ಏನಾಗುತ್ತೆ?"

"ಕೆಚ್ಚಲು ಬಾವು ಬರುತ್ತೆ."

"ನಿಮಗೆ ಗೊತ್ತಿತ್ತಲ್ಲ."

ಆಮೇಲೆ ಅವರೇ ಕೇಳಿದರು: "ಸಂತೆ ಎಷ್ಟು ಹೊತ್ತಿಗೆ?" ಬೆಳಿಗ್ಗೆ ಆರರಿಂದ ಹತ್ತು ಅಂದೆ. ಪೆನ್ನು ತೆಗೆದು ಬೆಳಗಿನ ಮಾತ್ರೆಯನ್ನು ಸಣ್ಣದು ಮಾಡಿ, ಸಂಜೆಯದನ್ನು ಸ್ವಲ್ಪ ದೊಡ್ಡದು ಮಾಡಿದರು. ಒಟ್ಟು ಅಷ್ಟೇ. ಹೊತ್ತು ಮಾತ್ರ ಬೇರೆ. "ಇದನ್ನ ನೀವು ಮೊದಲೇ ಕೇಳಬಹುದಿತ್ತು," ಅಂದರು. ಎಲ್ಲರ ಹತ್ತಿರವೂ ಚೌಕಾಸಿ ಮಾಡುವವನು, ಕೇಳಬೇಕಾದ ಒಂದೇ ಜಾಗದಲ್ಲಿ ಕೇಳಿರಲಿಲ್ಲ. ಡಾಕ್ಟರ ಹತ್ತಿರ ಮಾತ್ರೆಯ ಲೆಕ್ಕಕ್ಕೆ ಚೌಕಾಸಿ ಮಾಡಬೇಡಿ. ಯಾವ ಹೊತ್ತಿಗೆ, ಯಾವ ಕೆಲಸಕ್ಕೆ ನಿಮ್ಮ ತಲೆ ತಿಳಿಯಾಗಿರಬೇಕು ಎಂಬುದನ್ನು ಬಾಯಿಬಿಟ್ಟು ಹೇಳಿ. ಯಾವ ಮಾತ್ರೆಯನ್ನಾದರೂ ಶುರು ಮಾಡುವ ದಿನವೇ, ಇದನ್ನು ಬಿಡಬೇಕಾದರೆ ಹೇಗೆ ಬಿಡಬೇಕು ಎಂದು ಕೇಳಿ. ಹಸು ಕೊಳ್ಳುವಾಗ ಇಷ್ಟು ಕೇಳದೆ ಹಗ್ಗ ಹಿಡಿಯುತ್ತೀರಾ?

ಮೂರನೆಯ ದಿನ ಪಾಪಣ್ಣ ವಾರ್ಡಿಗೆ ಬಂದ. ಕೈಯಲ್ಲಿ ಸಪೋಟ ಹಣ್ಣಿನ ಚೀಲ. ಸ್ಟೂಲ್ ಇದ್ದರೂ ಕೂರಲಿಲ್ಲ.

"ಮುದುಕಿ ಹಸುನ ವಾಪಸ್ ಹೊಡ್ಕೊಂಡು ಹೋದ್ಲು. ನಾನು ಒಳ್ಳೆ ಬೆಲೇನೇ ಹೇಳ್ದೆ. ನಮ್ಮ ಚಲಪತಿ ಬರ್ಲಿ ಅಂದ್ಲು."

"ಹೂಂ."

"ಆ ದಿನ ಕೈ ಮುಚ್ಚಿದ್ದು ನೀನಲ್ಲ ಅಂತ ನಂಗೆ ಆಗ್ಲೇ ಗೊತ್ತಾಯ್ತು. ಒಪ್ಪಿ ಮುಚ್ಚೋ ಕೈ ಗಟ್ಟಿಯಾಗಿರುತ್ತೆ. ನಿಂದು ನಡುಗ್ತಿತ್ತು."

"ಗೊತ್ತಿದ್ದೂ ಹಿಡ್ಕೊಂಡ್ಯಲ್ಲೋ."

"ವ್ಯಾಪಾರ ಕಣಯ್ಯ," ಅಂದ. ಆಮೇಲೆ ಕಿಟಕಿ ಕಡೆ ತಿರುಗಿ, "ನೀನಾಗಿದ್ರೆ ಬಿಡ್ತಿದ್ಯಾ?" ಅಂದ.

ಬಿಡುತ್ತಿರಲಿಲ್ಲ ಎಂದು ನಿಜ ಹೇಳಿದೆ. ರತ್ನಮ್ಮ ಚೀಲದಿಂದ ಒಂದು ಹಣ್ಣು ತೆಗೆದು ಒತ್ತಿ ನೋಡಿ, "ಇದು ಮಾಗಿಲ್ಲ ಪಾಪಣ್ಣ. ಹಣ್ಣಲ್ಲೂ ಮೋಸನಾ?" ಅಂದಳು. ಅವನು ಆಗ ಸ್ಟೂಲ್ ಎಳೆದು ಕೂತ.

ಆಸ್ಪತ್ರೆಯಿಂದ ಬಂದ ಮೇಲೆ ಆರು ವಾರ ಸಂತೆಗೆ ಹೋಗಲಿಲ್ಲ. ಸುಬ್ಬಮ್ಮ ಕಾದಳು. ಮಂಡಿ ನೋವಿನಲ್ಲಿ ಆರು ವಾರ ಹುಲ್ಲು ಹೊತ್ತಳು ಎಂಬುದು ನನ್ನ ಎದೆ ಮೇಲೆ ಕೂತಿತ್ತು. ಬೇರೆಯವರ ಕೈಯಲ್ಲಿ ಮಾರಿಬಿಡಮ್ಮ ಎಂದು ಎರಡು ಸಲ ಹೇಳಿದೆ. ಎರಡನೆಯ ಸಲ ಫೋನಿಟ್ಟುಬಿಟ್ಟಳು.

ಉರಿ ಪೂರ್ತಿ ಹೋಗಿಲ್ಲ. ಹೋಗುವುದೂ ಇಲ್ಲ ಎಂದು ಈಗ ಗೊತ್ತು. ಡಾಕ್ಟರು ಹೇಳಿದ ಅರ್ಧ ಸಿಕ್ಕಿದೆ, ಅರ್ಧಕ್ಕಿಂತ ಒಂದು ಗೆಣ್ಣು ಜಾಸ್ತಿ. ಟವೆಲ್ ತಾಗಿದರೆ ಈಗ ಬಿಸಿಲಿಗೆ ಕಾದ ಕಲ್ಲು ಮುಟ್ಟಿದಂತೆ. ತಡೆಯಬಹುದು. ಬೆರಳು ಯಾವಾಗಲಾದರೂ ಒಮ್ಮೆ ಮಡಚುತ್ತದೆ. ಯಾವಾಗ ಎಂದು ಅದು ಹೇಳುವುದಿಲ್ಲ.

ಕೊನೆಗೆ ಸಂತೆಗೆ ಹೋದ ದಿನ ಬೆಳಗಿನ ಸಣ್ಣ ಮಾತ್ರೆಯನ್ನು ರತ್ನಮ್ಮನ ಎದುರಿಗೆ ನುಂಗಿ ಬಾಯಿ ತೆರೆದು ತೋರಿಸಿದೆ. ಸುಬ್ಬಮ್ಮ ಹಗ್ಗ ಕೊಟ್ಟಳು. "ಅದೇ ಐದು," ಅಂದಳು. ಜನ ಸುತ್ತ ಸೇರಿದರು. ನನ್ನ ಫಿಟ್ಸಿನ ಸುದ್ದಿ ಶ್ರೀನಿವಾಸಪುರದವರೆಗೆ ಹೋಗಿತ್ತು. ಪಾಪಣ್ಣ ಹಸುವಿನ ಹಲ್ಲು ನೋಡಿದ, ಕೆಚ್ಚಲು ಮುಟ್ಟಿದ. ನಾನು ಅವತ್ತು ಹಸುವಿನ ಹಾಲು ಕರೆಸಿಯೇ ತರಿಸಿದ್ದೆ. ಅವನು ಹುಬ್ಬು ಏರಿಸಿದ. ಹೆಗಲ ಮೇಲಿನ ಟವೆಲ್ ಎತ್ತಿದ.

ಟವೆಲ್ ಇಳಿಯುವ ಮುಂಚೆ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ಪಾಪಣ್ಣ, ನನ್ನ ಕತ್ತಲ್ಲಿ ನರಕ್ಕೆ ಪೆಟ್ಟಾಗಿದೆ. ಈ ಕೈ ಒಂದೊಂದ್ಸಲ ತಾನಾಗೇ ಮುಚ್ಕೊಳ್ಳುತ್ತೆ. ಇವತ್ತಿಂದ ನಾನು ಬಾಯಲ್ಲಿ ಒಪ್ಪಿದೆ ಅಂದ್ರೇನೇ ಒಪ್ಪಿದ್ದು. ಇಷ್ಟ ಇದ್ರೆ ಕೈ ಹಾಕು."

ಯಾರೋ ಹಿಂದಿನಿಂದ, "ಹಂಗಾದ್ರೆ ಟವೆಲ್ ಯಾಕಪ್ಪ, ಮೈಕ್ ಹಾಕ್ಸು," ಅಂದ. ನಗು ಬಂತು. ಪಾಪಣ್ಣ ನಗಲಿಲ್ಲ. ಕೈ ಹಾಕಿದ.

ಮೂರು. ಆರು. ಮೂರೂವರೆ. ಐದೂವರೆ. ನಾಲ್ಕಕ್ಕೆ ಬಂದು ನಿಂತ, ಹಿಂದೆ ನಿಂತ ಜಾಗದಲ್ಲೇ. ಆಗ ಮೊಣಕೈಯಿಂದ ಅದು ಇಳಿದು ಬರುವುದು ನನಗೆ ತಿಳಿಯಿತು. ತಡೆಯಲಾಗಲಿಲ್ಲ. ಐದೂ ಬೆರಳು ಮಡಚಿ ಅವನ ಅಂಗೈಯನ್ನು ಹಿಡಿದವು. ಟವೆಲ್ ಬಿಗಿದದ್ದು ಎಲ್ಲರಿಗೂ ಕಂಡಿತು. ಸುಬ್ಬಮ್ಮ ಒಂದು ಹೆಜ್ಜೆ ಮುಂದೆ ಬಂದಳು.

ಪಾಪಣ್ಣ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಒತ್ತಲೂ ಇಲ್ಲ, ಸವರಲೂ ಇಲ್ಲ. ಸವರಿದರೆ ನನಗೆ ಉರಿಯುತ್ತದೆ ಎಂದು ಅವನಿಗೆ ಯಾರು ಹೇಳಿದ್ದರೋ. ಕೈಯನ್ನು ಕಲ್ಲಿನಂತೆ ಹಾಗೇ ಇಟ್ಟುಕೊಂಡು ಆಕಾಶ ನೋಡುತ್ತಾ ನಿಂತ.

"ಪರವಾಲೇದು," ಅಂದ ಮೆಲ್ಲಗೆ, ಪರವಾಗಿಲ್ಲ ಎಂದು. "ಬಿಡ್ಲಿ ತಡಿ."

ಎಷ್ಟು ಹೊತ್ತೋ. ಒಂದು ಬೀಡಿ ಸೇದುವಷ್ಟು ಇರಬೇಕು. ಕಿರುಬೆರಳು ಮೊದಲು ಬಿಟ್ಟಿತು. ಆಮೇಲೆ ಒಂದೊಂದಾಗಿ ಉಳಿದವು. ನಾನು ಉಸಿರು ಬಿಟ್ಟು, ಐದೂ ಬೆರಳನ್ನು ನೇರ ಮಾಡಿ ಅವನ ಕೈಗೆ ಕೊಟ್ಟೆ.

ಅವನು ನನ್ನ ಮುಖ ನೋಡಿದ. ಎರಡು ಬೆರಳನ್ನು ಸರಕ್ಕನೆ ಹಿಂದಕ್ಕೆ ತಳ್ಳಿ, ಮೂರು ಮಾತ್ರ ಹಿಡಿದ.

"ಥೂ ನಿನ್ನ," ಅಂದೆ. ಅಷ್ಟು ಸಮಾಧಾನ ನನಗೆ ವರ್ಷದಿಂದ ಆಗಿರಲಿಲ್ಲ. ಟವೆಲ್ಲನ್ನು ಸರಿಯಾಗಿ ಎಳೆದುಕೊಂಡು ಆರರಿಂದ ಮತ್ತೆ ಶುರು ಮಾಡಿದೆ.